ಕಳ್ಳ ಬಂದು ಹೋದ ಮೇಲೆ ಬರುವವರು

ಮುನಿರಾಬಾದಿನಲ್ಲಿ ಬಾಗಿಲು ಮುರಿದರೆ ಮುಂದೇನಾಗುತ್ತದೆ? ಮುರಿದದ್ದು ಯಾವ ಬಾಗಿಲು ಎಂಬುದನ್ನು ನೋಡಿ ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ಇಲ್ಲಿನ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನವೇ ಉಪಮುಖ್ಯಮಂತ್ರಿ ಬಂದರು, ಅವರ ಹಿಂದೆ ಮುಖ್ಯಮಂತ್ರಿ ಬಂದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ವಾರ ತುಂಬುವಷ್ಟರಲ್ಲಿ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಹರಿದುಹೋದದ್ದನ್ನು ಟಿಎಂಸಿ ಲೆಕ್ಕದಲ್ಲಿ ಅಳೆದರು, ಪತ್ರಿಕೆಗಳು ಮುಖಪುಟದಲ್ಲಿ ಅತ್ತವು. ‘ಹೋದ ನೀರು ನಿಮ್ಮದೇ ಅನ್ನಾಕ ಖರೀದಿ ಬಿಲ್ಲು ಐತೇನ್ರೀ?’ ಎಂದು ಒಬ್ಬ ರೈತನನ್ನೂ ಯಾರೂ ಕೇಳಲಿಲ್ಲ.

ಅದೇ ಊರಿನ ಮೊಬೈಲ್ ಅಂಗಡಿಯೊಂದರ ಶಟರನ್ನು ನಡುರಾತ್ರಿ ಯಾರೋ ರಾಡು ಹಾಕಿ ಮೀಟಿದರೆಂದು ಇಟ್ಟುಕೊಳ್ಳಿ. ಅಂಗಡಿಯವನ ಹೆಸರು ಬೇಡ. ಹುಲಿಗಿಯಿಂದ ಗಿಣಿಗೇರಿವರೆಗೆ, ಅತ್ತ ಗಂಗಾವತಿ, ಕುಷ್ಟಗಿ, ಯಲಬುರ್ಗಾವರೆಗೆ, ರಾತ್ರಿ ಶಟರ್ ಎಳೆದು ದೇವರ ಮೇಲೆ ಭಾರ ಹಾಕಿ ಮಲಗುವ ಯಾರ ಹೆಸರನ್ನಾದರೂ ಅಲ್ಲಿ ಕೂಡಿಸಿಕೊಳ್ಳಬಹುದು. ಯಾವ ಠಾಣೆ, ಯಾವ ಕಂಪನಿ, ಯಾವ ಬ್ಯಾಂಕು ಎಂದೂ ಕೇಳಬೇಡಿ. ಎಲ್ಲ ಕಡೆ ಕಾಗದ ಒಂದೇ, ಸೀಲು ಮಾತ್ರ ಬೇರೆ.

ಇಲ್ಲಿನ ಕಳ್ಳನಿಗೆ ಪಂಚಾಂಗ ಬಾಯಿಪಾಠ. ಹುಲಿಗೆಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಜನ ಮುಗಿಬೀಳುತ್ತಾರೆ. ಆ ಸಂಜೆ ಸುತ್ತಲಿನ ಅಂಗಡಿಗಳ ಗಲ್ಲೆ ತುಂಬಿರುತ್ತದೆ. ಮುನಿರಾಬಾದಿನಲ್ಲಿಯೇ ಇಂಡಿಯಾ ರಿಸರ್ವ್ ಬೆಟಾಲಿಯನ್ ಇದೆ, ಜಲಾಶಯಕ್ಕೆ ಪಹರೆ ಇದೆ. ಖಾಕಿಗೇನೂ ಬರವಿಲ್ಲ. ಆದರೆ ಬೆಟಾಲಿಯನ್ ಇರುವುದು ರಾಜ್ಯ ಕಾಯಲಿಕ್ಕೆ, ಪಹರೆ ಇರುವುದು ನೀರು ಕಾಯಲಿಕ್ಕೆ. ಚಾರ್ಜರು, ಇಯರ್‌ಫೋನು, ಅರವತ್ತು ಹ್ಯಾಂಡ್‌ಸೆಟ್ಟು ಕಾಯಲು ಇರುವುದು ಹದಿನೈದು ವರ್ಷದ ಹಿಂದೆ ಕೊಂಡ ಒಂದು ಬೀಗ. ಅದು ತನ್ನ ಕರ್ತವ್ಯವನ್ನು ಆ ರಾತ್ರಿ ಎರಡು ನಿಮಿಷ ಮಾಡಿತು.

ಕಳ್ಳ ಬಂದದ್ದು ಒಂದೇ ಸಲ. ಮುಂದಿನ ಕಥೆ ಪೂರ್ತಿ ಅವನ ನಂತರ ಬಂದವರದ್ದು.

ಮೊದಲು ಬಂದವರು ಊರವರು. ಬೆಳಿಗ್ಗೆ ಆರಕ್ಕೆ ಅಂಗಡಿ ಮುಂದೆ ಜಾತ್ರೆ. ಬಂದ ಪ್ರತಿಯೊಬ್ಬರೂ ಬಾಗಿದ ಶಟರನ್ನು ಕೈಯಿಂದ ಮುಟ್ಟಿ, ಎತ್ತಿ, ಇಳಿಸಿ, ‘ಹಿಂಗ ಮೀಟ್ಯಾರ ನೋಡ್ರಿ’ ಎಂದು ಪ್ರಾತ್ಯಕ್ಷಿಕೆ ಕೊಟ್ಟರು. ಬೆರಳಚ್ಚು ತಜ್ಞರು ಬರುವ ಹೊತ್ತಿಗೆ ಆ ಶಟರಿನ ಮೇಲೆ ಊರಿನ ಮತದಾರರ ಪಟ್ಟಿ ಪೂರ್ತಿ ಇತ್ತು, ಕಳ್ಳನದೊಂದು ಬಿಟ್ಟು. ಅವನು ಕೈಗವಸು ಹಾಕಿಕೊಂಡು ಬಂದಿದ್ದ.

‘ಎಷ್ಟ್ ಹೋತ್ರೀ?’ ಎಂಬ ಪ್ರಶ್ನೆಗೆ ಅಂಗಡಿಯವ ಕೇಳುವವರ ಮುಖ ನೋಡಿ ಉತ್ತರಿಸಬೇಕಾಯಿತು. ಮಾಲು ಉದ್ರಿ ಕೊಟ್ಟ ಹೊಸಪೇಟೆಯ ಹೋಲ್‌ಸೇಲಿನವನಿಗೆ ‘ಎಲ್ಲಾ ಹೋತ್ರಿ’ ಅನ್ನಬೇಕು. ಮಗಳನ್ನು ನೋಡಿಹೋದ ಬೀಗರಿಗೆ ‘ಏನ್ ಹೋಗಿಲ್ಲರಿ, ನಾಕು ಚಾರ್ಜರ್ ಹೋಗ್ಯಾವು’ ಅನ್ನಬೇಕು. ಎಲ್ಲರಿಗಿಂತ ಹೆಚ್ಚು ಕಳವಳದಿಂದ ಬಂದವರು ಇವನಿಗೇ ಉದ್ರಿ ಬಾಕಿ ಇದ್ದವರು. ಅವರು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ್ದು ಒಂದೇ: ‘ಅಣ್ಣಾರ, ಖಾತೆ ಪುಸ್ತಕಾನೂ ಹೋತೇನು?’ ಇಲ್ಲ, ಅದನ್ನು ಮುಟ್ಟಿಲ್ಲ ಎಂದಾಗ ಅವರ ಮುಖದಲ್ಲಿ ಕಂಡ ದುಃಖ ನಿಜವಾದದ್ದು. ಆ ಬೆಳಿಗ್ಗೆ ಅಲ್ಲಿ ಬೇರೆ ಯಾರೂ ಅಷ್ಟು ಮನಃಪೂರ್ವಕವಾಗಿ ನೊಂದಿರಲಿಲ್ಲ.

ಎರಡನೆಯದಾಗಿ ಪೊಲೀಸರು. ಫಿರ್ಯಾದಿಗೆ ಒಂದು ಶೈಲಿ ಇದೆ, ಅದನ್ನು ಮೀರುವಂತಿಲ್ಲ. ‘ಯಾರೋ ಕಳ್ಳರು ರಾತ್ರಿ ವೇಳೆಯಲ್ಲಿ ನನ್ನ ಅಂಗಡಿಯ ಶಟರ್ ಮೀಟಿ ಒಳಪ್ರವೇಶ ಮಾಡಿ ಕಳ್ಳತನ ಮಾಡಿಕೊಂಡು ಹೋಗಿದ್ದು ಇರುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಅಂಗಡಿ, ರಾತ್ರಿ, ಕಳ್ಳ, ವ್ಯಾಕರಣ ಎಲ್ಲವೂ ಮುಗಿಯಬೇಕು. ನಂತರ ಪ್ರಶ್ನೆ: ‘ಯಾರ ಮ್ಯಾಗರ ಸಂಶಯ ಐತೇನು?’ ಹೌದೆಂದು ಹೆಸರು ಹೇಳಿದರೆ ‘ಹಳೇ ದ್ವೇಷ ಐತೇನ್ರೀ?’ ಎನ್ನುತ್ತಾರೆ. ಇಲ್ಲವೆಂದರೆ ‘ಹಂಗಾದ್ರ ನಾವು ಯಾರನ್ನ ಹಿಡಿಯೂದು?’ ಎನ್ನುತ್ತಾರೆ. ತನಿಖೆಯ ಮೊದಲ ಹಂತ ಅಲ್ಲಿಗೆ ಯಶಸ್ವಿಯಾಗಿ ಮುಗಿಯಿತು.

ಶ್ವಾನದಳ ಬಂತು. ನಾಯಿ ಪ್ರಾಮಾಣಿಕವಾಗಿ ಮೂಸಿತು, ಓಡಿತು, ಹೆದ್ದಾರಿಗೆ ಹೋಗಿ ಕುಳಿತಿತು. ರಾಷ್ಟ್ರೀಯ ಹೆದ್ದಾರಿ 50 ಇರುವವರೆಗೆ ಈ ಭಾಗದ ನಾಯಿಗಳೆಲ್ಲ ಅಲ್ಲಿಗೇ ಹೋಗಿ ಕೂರುವುದು; ಕಳ್ಳ ಅಲ್ಲಿಂದ ಗಾಡಿ ಹತ್ತಿದ ಎಂದು ಅದರ ಅರ್ಥ. ಕಳ್ಳ ನಡೆದುಕೊಂಡು ಹೋಗಲಿಲ್ಲ ಎಂಬುದು ಪತ್ತೆಯಾಯಿತು.

‘ಸಿಸಿಟಿವಿ ಐತೇನ್ರೀ?’ ಇತ್ತು. ನಾಲ್ಕು ಕ್ಯಾಮೆರಾ. ನಾಲ್ಕೂ ನೋಡಿದ್ದನ್ನು ಬರೆದಿಟ್ಟುಕೊಳ್ಳುವ ಡಿವಿಆರ್ ಪೆಟ್ಟಿಗೆ ಗಲ್ಲೆಯ ಕೆಳಗೇ ಇತ್ತು. ಕಳ್ಳ ಮೊದಲು ಅದನ್ನೇ ಚೀಲಕ್ಕೆ ಹಾಕಿದ. ದಾವಣಗೆರೆ ಜಿಲ್ಲೆ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ಸ್ಟೇಟ್ ಬ್ಯಾಂಕಿಗೆ ಕನ್ನ ಹಾಕಿ 17 ಕೆ.ಜಿ.ಗೂ ಹೆಚ್ಚು ಚಿನ್ನ ಒಯ್ದವರೂ ಡಿವಿಆರ್ ಹೊತ್ತೊಯ್ದು, ನಾಯಿಯ ಮೂಗಿಗೆಂದು ಖಾರದಪುಡಿ ಎರಚಿ ಹೋಗಿದ್ದರು. ಬ್ಯಾಂಕಿಗೇ ಹೊಳೆಯದ್ದು ಮೊಬೈಲ್ ಅಂಗಡಿಯವನಿಗೆ ಹೊಳೆಯಲಿಲ್ಲವೆಂದು ಬೈಯುವುದು ನ್ಯಾಯವಲ್ಲ. ಎದುರಿನ ಅಂಗಡಿಯಲ್ಲಿಯೂ ಕ್ಯಾಮೆರಾ ಇತ್ತು. ಅದರಲ್ಲಿ ಆ ಅಂಗಡಿಯ ಮೆಟ್ಟಿಲು, ಒಂದು ಮಲಗಿದ ಆಕಳು, ಮೂಲೆಯಲ್ಲಿ ಮೂರು ವರ್ಷ ಹಿಂದಿನ ತಾರೀಖು ಸ್ಪಷ್ಟವಾಗಿ ಕಾಣುತ್ತಿದ್ದವು.

ಕಾನೂನು ಮಾತ್ರ ಭಯಂಕರವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮಿನ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕಳ್ಳತನಕ್ಕೆಂದು ಕನ್ನ ಹಾಕಿದವನಿಗೆ 14 ವರ್ಷದವರೆಗೆ ಜೈಲು. ರಾಮನಿಗೆ ಸಿಕ್ಕಿದ್ದೂ ಅಷ್ಟೇ. ಆದರೆ ರಾಮ ಅರಮನೆಯಲ್ಲೇ ಇದ್ದ, ಕರೆದ ಕೂಡಲೇ ಬಂದ, ಹೇಳಿದ ಕೂಡಲೇ ಹೊರಟ. ಇಲ್ಲಿ ವನವಾಸ ಸಿದ್ಧವಿದೆ, ಹೋಗುವವನು ಸಿಗಬೇಕು. ಸಿಗದಿದ್ದರೆ ‘ಸಿ ರಿಪೋರ್ಟ್’ ಇದೆ: ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ. ಇಷ್ಟು ಸತ್ಯವನ್ನು ಇಷ್ಟು ಸಣ್ಣದಾಗಿ ಹೇಳುವ ಸರ್ಕಾರಿ ಕಾಗದ ಇನ್ನೊಂದಿಲ್ಲ.

ಅಂಗಡಿಯವನಿಗೂ ಹಕ್ಕುಗಳಿವೆ, ಸುಳ್ಳು ಹೇಳಬಾರದು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಆನ್‌ಲೈನಿನಲ್ಲಿ ದೂರು ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ಫಿರ್ಯಾದಿಗೆ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮು ಹೇಳುತ್ತದೆ. ಈ ಕಲಮನ್ನು ಠಾಣೆಯಲ್ಲಿ ಉಚ್ಚರಿಸಿದರೆ ಸಿಗುವ ಮರ್ಯಾದೆ ಬೇರೆ. ಕುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ, ‘ಭಾಳ ಓದೀರಿ ಬಿಡ್ರಿ’ ಎನ್ನುತ್ತಾರೆ, ಫೈಲನ್ನು ಇನ್ನೂ ಸ್ವಲ್ಪ ಕೆಳಗೆ ಇಡುತ್ತಾರೆ.

ಮೂರನೆಯದಾಗಿ ಬಂದವರು ವಿಮಾ ಸರ್ವೇಯರ್. ಕೈಯಲ್ಲಿ ಚರ್ಮದ ಬ್ಯಾಗು, ಬಾಯಲ್ಲಿ ವಿನಯ. ‘ಸ್ಟಾಕ್ ಎಷ್ಟಿತ್ತು ಸಾರ್?’ ಎಂದಷ್ಟೇ ಕೇಳಿದರು. ಅಂಗಡಿಯವ ಬೆವರಿದ.

ಯಾಕೆಂದರೆ ಸಣ್ಣ ಅಂಗಡಿಯ ಮಾಲಿಗೆ ಮೂರು ಜನ್ಮಕುಂಡಲಿ ಇರುತ್ತವೆ. ಬ್ಯಾಂಕಿಗೆ ತಿಂಗಳ ತಿಂಗಳ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಹತ್ತು ಲಕ್ಷ, ಇಲ್ಲದಿದ್ದರೆ ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲದ ಮಿತಿ ಇಳಿಸುತ್ತಾರೆ. ತೆರಿಗೆಯ ಕಾಗದದಲ್ಲಿ ನಾಲ್ಕು ಲಕ್ಷ, ಇಲ್ಲದಿದ್ದರೆ ಪ್ರಶ್ನೆಗಳು ಬರುತ್ತವೆ. ವಿಮೆಯಲ್ಲಿ ಐದು ಲಕ್ಷ, ಇಲ್ಲದಿದ್ದರೆ ಪ್ರೀಮಿಯಂ ಏರುತ್ತದೆ. ಮೂರೂ ಇಷ್ಟು ವರ್ಷ ಬೇರೆ ಬೇರೆ ಫೈಲಿನಲ್ಲಿ ಸುಖವಾಗಿ ಇದ್ದವು, ಒಂದರ ಮುಖ ಒಂದು ನೋಡಿರಲಿಲ್ಲ. ಕಳ್ಳತನದ ಪುಣ್ಯದಿಂದ ಮೂರೂ ಸರ್ವೇಯರರ ಬ್ಯಾಗಿನಲ್ಲಿ ಮೊದಲ ಸಲ ಭೇಟಿಯಾದವು. ನಾಲ್ಕನೆಯ ಲೆಕ್ಕ ಕಳ್ಳನ ಹತ್ತಿರವಿದೆ. ನಾಲ್ಕರಲ್ಲಿ ಕೈಯಿಂದ ಮುಟ್ಟಿ, ಒಂದೊಂದಾಗಿ ಎಣಿಸಿ ಮಾಡಿದ ಲೆಕ್ಕ ಅದೊಂದೇ. ಆದರೆ ಅವನು ಸಹಿ ಮಾಡಿ ಕೊಡಲು ಸಿಗುವುದಿಲ್ಲ.

ಸರ್ವೇಯರ್ ಕ್ಯಾಲ್ಕ್ಯುಲೇಟರ್ ತೆಗೆದರು. ಅಂಗಡಿಯಲ್ಲಿದ್ದ ಮಾಲು ಹತ್ತು ಲಕ್ಷದ್ದು ಎಂದು ನೀವೇ ಬ್ಯಾಂಕಿಗೆ ಬರೆದುಕೊಟ್ಟಿದ್ದೀರಿ. ವಿಮೆ ಮಾಡಿಸಿದ್ದು ಐದು ಲಕ್ಷಕ್ಕೆ. ಅಂದರೆ ಅರ್ಧ ಅಂಗಡಿಗೆ ನೀವೇ ವಿಮಾದಾರರು. ಹೋದದ್ದು ಎರಡು ಲಕ್ಷವೆಂದರೆ ಅದರಲ್ಲೂ ಅರ್ಧ ನಿಮ್ಮ ಪಾಲು. ಕಂಪನಿಯದು ಒಂದು ಲಕ್ಷ, ಅದರಲ್ಲಿಯೂ ಪಾಲಿಸಿಯಲ್ಲಿ ಬರೆದ ಕಡಿತ ಹೋಗಿ. ಹೆಚ್ಚಿನ ಪಾಲಿಸಿಗಳಲ್ಲಿ ಇರುವ ಸರಾಸರಿ ಷರತ್ತು ಇದು. ಸಣ್ಣಕ್ಷರದಲ್ಲಿ ಇರುವುದರಿಂದ ಕಳ್ಳತನವಾದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ರಸವತ್ತಾದ ಪ್ರಶ್ನೆ ಮುಂದಿದೆ: ‘ಬೀಗ ಮುರಿದಿದ್ದಾರಾ, ತೆಗೆದಿದ್ದಾರಾ?’ ಬಲಪ್ರಯೋಗ ಮಾಡಿ ಒಳನುಗ್ಗಿದರೆ ಮಾತ್ರ ಕನ್ನಗಳವು ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಬರೆದಂತೆಯೇ ಓದಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಹೀಗಾಗಿ ಕಳ್ಳ ಸಭ್ಯನಾಗಿದ್ದು, ನಕಲಿ ಕೀಲಿಯಿಂದ ಸದ್ದಿಲ್ಲದೆ ಬೀಗ ತೆಗೆದು, ಒಯ್ದು, ಮತ್ತೆ ಬೀಗ ಹಾಕಿಕೊಂಡು ಹೋದರೆ ಅಂಗಡಿಯವ ಮುಳುಗಿದ. ಒಡ್ಡೊಡ್ಡಾಗಿ, ಶಟರ್ ಹರಿದು, ಬಾಗಿಲು ಚೂರು ಮಾಡುವ ಮೃಗದಂಥ ಕಳ್ಳನೇ ಬರಲಿ ಎಂದು ಹುಲಿಗೆಮ್ಮನಿಗೆ ಹರಕೆ ಹೊರುವುದೇ ಕ್ಷೇಮ.

ಕೆಲವರಿಗೆ ಇಷ್ಟರ ಭಾಗ್ಯವೂ ಇಲ್ಲ. ಸಾಲ ಕೊಡುವಾಗ ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಂಡ ವಿಮೆ ಯಾವುದೆಂದು ಈಗ ತೆರೆದು ನೋಡಿದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂದಿರುತ್ತದೆ. 2021ರ ಏಪ್ರಿಲ್‌ನಿಂದ ಬಂದ, ಐದು ಕೋಟಿವರೆಗಿನ ಆಸ್ತಿಯ ಉದ್ಯಮಗಳಿಗೆಂದೇ ಮಾಡಿದ ಒಳ್ಳೆಯ ಪಾಲಿಸಿ. ಬೆಂಕಿ, ಬಿರುಗಾಳಿ, ಪ್ರವಾಹ, ಭೂಕಂಪ ಎಲ್ಲಕ್ಕೂ ಇದೆ. ಕಳ್ಳತನಕ್ಕೂ ಇದೆ, ಒಂದು ಷರತ್ತಿನ ಮೇಲೆ: ಮೊದಲು ಆ ಬೆಂಕಿಯೋ ಪ್ರವಾಹವೋ ಆಗಬೇಕು, ಅದರ ಕಾರಣದಿಂದಲೇ ಏಳು ದಿನದೊಳಗೆ ಕಳ್ಳತನವಾಗಬೇಕು. ಬರೀ ಕಳ್ಳತನ ಬೇಕಿದ್ದರೆ ಕನ್ನಗಳವಿನ ವಿಮೆಯನ್ನು ಪ್ರತ್ಯೇಕ ಕೊಳ್ಳಬೇಕು. ಮುನಿರಾಬಾದಿನ ಮಟ್ಟಿಗೆ ಇದರ ಪರಿಹಾರ ಸರಳ. ಇನ್ನೊಮ್ಮೆ ಡ್ಯಾಮಿನ ಗೇಟು ಕಿತ್ತು ನೀರು ಅಂಗಡಿಗೆ ಬಂದಾಗ, ಏಳು ದಿನದೊಳಗೆ ಬಂದು ಹೋಗ್ರಪಾ ಎಂದು ಕಳ್ಳರಿಗೆ ಮುಂಚಿತವಾಗಿ ತಿಳಿಸಬೇಕು.

ನಾಲ್ಕನೆಯವರು ಖುದ್ದಾಗಿ ಬರಲಿಲ್ಲ. ಲೆಕ್ಕಪತ್ರ ನೋಡುವ ಟ್ಯಾಕ್ಸ್ ಪ್ರಾಕ್ಟೀಷನರ್ ಬಾಯಿಂದ ಬಂದರು. ‘ಸಾಹುಕಾರ್ರ, ಹೋದ ಮಾಲಿಂದು ಜಿಎಸ್‌ಟಿ ಕಟ್ಟಬೇಕಾಗ್ತೈತ್ರಿ.’ ಅಂಗಡಿಯವ ನಕ್ಕ. ಟ್ಯಾಕ್ಸಿನವರು ನಗಲಿಲ್ಲ.

ಕೇಂದ್ರ ಜಿಎಸ್‌ಟಿ ಕಾಯಿದೆ 2017, ಕಲಮು 17(5)(ಎಚ್). ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ, ಉಡುಗೊರೆಯಾಗಿ ಅಥವಾ ಪುಕ್ಕಟೆ ಸ್ಯಾಂಪಲ್ಲಾಗಿ ಕೊಟ್ಟ ಸರಕಿಗೆ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಇಲ್ಲ. ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಮಗಳ ಮದುವೆಗೆ ಬಂದ ಬೀಗರಿಗೆ ಪ್ರೀತಿಯಿಂದ ಕೊಟ್ಟ ಮೊಬೈಲೂ, ರಾಡು ಹಾಕಿ ಮೀಟಿ ಒಯ್ದ ಮೊಬೈಲೂ ಕಾನೂನಿನ ಕಣ್ಣಿಗೆ ಒಂದೇ ಸಾಲಿನವು. ನಿಮಗೆ ಗೊತ್ತಿಲ್ಲದೆ ನೀವು ಕಳ್ಳನಿಗೆ ಸ್ಯಾಂಪಲ್ ಹಂಚಿದ್ದೀರಿ.

ಮೊಬೈಲಿನ ಮೇಲೆ ಜಿಎಸ್‌ಟಿ 18 ಶೇಕಡಾ. ಎರಡು ಲಕ್ಷದ ಮಾಲಿಗೆ 36,000 ರೂಪಾಯಿ. ಖರೀದಿಸುವಾಗಲೇ ವಿತರಕನಿಗೆ ಆ ಹಣ ಕೊಟ್ಟಾಗಿದೆ, ಅವನು ಸರ್ಕಾರಕ್ಕೆ ಕಟ್ಟಿಯೂ ಆಗಿದೆ. ಮುಂದೆ ಮಾರಿ ಗಿರಾಕಿಯಿಂದ ಪಡೆಯುತ್ತಾನೆಂದು ಅಂಗಡಿಯವನಿಗೆ ಕೊಟ್ಟಿದ್ದ ಜಮೆಯನ್ನು ಈಗ ಹಿಂದಿರುಗಿಸಬೇಕು. ತೆರಿಗೆ ಪಂಡಿತರ ತರ್ಕದಲ್ಲಿ ತಪ್ಪಿಲ್ಲ: ಮಾರಾಟವೇ ಆಗದ ಮಾಲಿಗೆ ಜಮೆ ಎಲ್ಲಿಯದು? ಒಪ್ಪೋಣ. ಕಳ್ಳ ಆ ಫೋನುಗಳನ್ನು ಬಿಲ್ಲಿಲ್ಲದೆ ಮಾರುತ್ತಾನೆ, ಅವನಿಗೆ ನೋಟಿಸಿಲ್ಲ. ಅಂಗಡಿಯವನ ಮಾಲು ಹೋಯಿತು, ಅದರ ಮೇಲಿನ ಲಾಭ ಹೋಯಿತು, ನಿದ್ದೆ ಹೋಯಿತು. ಆ ರಾತ್ರಿ ಅಂಗಡಿಯಲ್ಲಿದ್ದದ್ದರಲ್ಲಿ ಕಳುವಾಗದೆ ಉಳಿದದ್ದು ಸರ್ಕಾರದ 18 ಶೇಕಡಾ ಒಂದೇ. ಒಂದು ಶೇಕಡಾದ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಕಾಟವಿಲ್ಲ. ಅವರಿಗೆ ಜಮೆಯೇ ಇರಲಿಲ್ಲವಾದ್ದರಿಂದ ಕಿತ್ತುಕೊಳ್ಳಲೂ ಏನಿಲ್ಲ.

ಗಲ್ಲೆಯಲ್ಲಿ ಅಷ್ಟೊಂದು ನಗದು ಯಾಕಿತ್ತು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಉತ್ತರ ಎಲ್ಲರಿಗೂ ಗೊತ್ತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೊರಡಿಸಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಕೋಡು ಕಿತ್ತುಹೋಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬಂತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಟ್ಟರೂ ಹೆದರಿಕೆ ಹೋಗಲಿಲ್ಲ. ಆ ಬೋರ್ಡು ಬರೆದದ್ದು ಗಿರಾಕಿಗಾಗಿ. ಓದಿ ಖುಷಿಪಟ್ಟವನು ಬೇರೆ.

ಆದಾಯ ತೆರಿಗೆಯ ಮಾತು ಬೇಗ ಮುಗಿಯುತ್ತದೆ. ವ್ಯಾಪಾರದ ಹಣ ದರೋಡೆಯಲ್ಲಿ ಹೋದರೆ ಅದು ವ್ಯಾಪಾರದ ನಷ್ಟವೇ ಎಂದು 1964ರಲ್ಲಿ ನೈನಿತಾಲ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಪುಸ್ತಕ ಬರೆದು ಲೆಕ್ಕ ಇಟ್ಟವನಿಗೆ ಆ ದಾರಿ ತೆರೆದಿದೆ. ನಮ್ಮವನು ಲೆಕ್ಕ ಬರೆಯುವ ಕಷ್ಟ ಬೇಡವೆಂದು ಅಂದಾಜು ಲಾಭದ ಪದ್ಧತಿ ಹಿಡಿದಿದ್ದ. ಅದರಲ್ಲಿ ನಗದು ವಹಿವಾಟಿನ ಮೇಲೆ 8, ಡಿಜಿಟಲ್ ವಹಿವಾಟಿನ ಮೇಲೆ 6 ಶೇಕಡಾ ಲಾಭ ಬಂತೆಂದೇ ಕಾನೂನು ಊಹಿಸುತ್ತದೆ. ಕಳ್ಳ ಬಂದ ವರ್ಷವೂ ಊಹೆ ಬದಲಾಗುವುದಿಲ್ಲ. ಸರ್ಕಾರದ ದಾಖಲೆಯಲ್ಲಿ ಅವನು ಆ ವರ್ಷ ಲಾಭದಲ್ಲಿದ್ದ.

ಐದನೆಯದು ಬ್ಯಾಂಕು. ಮಾಲು ಬ್ಯಾಂಕಿಗೆ ಅಡವು, ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು. ಆದ್ದರಿಂದ, ಕಡಿತದ ಮಾತು ಬಿಟ್ಟರೆ, ಬಂದ ಒಂದು ಲಕ್ಷ ಅಂಗಡಿಯವನ ಕೈಗೆ ಸಿಗದೆ ನೇರ ಸಾಲದ ಖಾತೆಗೆ ಹೋಯಿತು. 36,000 ರೂಪಾಯಿ ಜಿಎಸ್‌ಟಿಯನ್ನು ಮಾತ್ರ ಕೈಯಿಂದ ಕಟ್ಟಬೇಕು. ಕೂಡಿ ಕಳೆದರೆ, ಎರಡು ಲಕ್ಷ ಕಳೆದುಕೊಂಡವನಿಗೆ ಎಲ್ಲ ಅನುಕೂಲವಾದಾಗ ಸಿಕ್ಕದ್ದು 64,000, ಅದೂ ಕಣ್ಣಿಗೆ ಕಾಣದಂತೆ. ಹೊಸ ಮಾಲು ತರಲು ಮತ್ತೆ ಸಾಲ ಕೇಳಿದರೆ ಮ್ಯಾನೇಜರು ‘ನಿಮ್ಮ ಸ್ಟಾಕ್ ಕಡಿಮಿ ಆಗೇತಲ್ರೀ’ ಎಂದು ನೆನಪಿಸಿದರು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಕೆಟ್ಟ ಯೋಚನೆ ಬರುವುದುಂಟು. ನ್ಯಾಮತಿ ಪ್ರಕರಣದ ಮುಖ್ಯ ಆರೋಪಿ ಬೇಕರಿ ನಡೆಸುತ್ತಿದ್ದವನು, ಬ್ಯಾಂಕು ಸಾಲದ ಅರ್ಜಿ ತಿರಸ್ಕರಿಸಿದ್ದೇ ಸಿಟ್ಟಿಗೆ ಕಾರಣ ಎಂದು ಪೊಲೀಸರು ಹೇಳಿದರು. ಚಿನ್ನದ ದೊಡ್ಡ ಪಾಲು 2025ರ ಮಾರ್ಚಿನಲ್ಲಿ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆ ಮನಗೂಳಿಯ ಕೆನರಾ ಬ್ಯಾಂಕಿನಿಂದ 58 ಕೆ.ಜಿ.ಗೂ ಹೆಚ್ಚು ಚಿನ್ನ ಹೋಯಿತು. ಅಲ್ಲಿ ಬಂಧನಕ್ಕೊಳಗಾದವರಲ್ಲಿ ಅದೇ ಶಾಖೆಯ ಹಿಂದಿನ ಮ್ಯಾನೇಜರು ಇದ್ದರು. ವಾಮಾಚಾರದವರು ಬಂದು ಹೋದರೆಂದು ತೋರಲಿ ಎಂದು ಅಲ್ಲೊಂದು ಗೊಂಬೆಯನ್ನೂ ಬಿಟ್ಟು ಹೋಗಿದ್ದರು. ಎರಡೂ ಕಡೆ ವಿಶೇಷ ತಂಡಗಳು ಓಡಾಡಿದವು, ದುಡಿದವು, ಹಿಡಿದವು. ಪೊಲೀಸರಿಗೆ ಕಳ್ಳರನ್ನು ಹಿಡಿಯಲು ಬರುವುದಿಲ್ಲ ಎನ್ನುವವರು ಮೂರ್ಖರು. ಚೆನ್ನಾಗಿ ಬರುತ್ತದೆ. ಕಳುವಾದದ್ದು ಕೆ.ಜಿ. ಲೆಕ್ಕದಲ್ಲಿ ಇರಬೇಕು, ಅಷ್ಟೇ.

ಇನ್ನು ಅಪರೂಪಕ್ಕೆ ಒದಗುವ ಸುಖಾಂತ್ಯ. ಕಳ್ಳ ಬೇರೊಂದು ಕಡೆ ಸಿಕ್ಕಿಬಿದ್ದು ಬಾಯಿಬಿಟ್ಟ. ಮಾಲು ಜಪ್ತಿಯಾಯಿತು. ಸ್ವತ್ತು ಹಸ್ತಾಂತರದ ಪರೇಡು ಏರ್ಪಾಡಾಯಿತು. ಉದ್ದದ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬಂಗಾರದ ಸರ, ಬೈಕಿನ ಕೀಲಿ, ಸಾಲಾಗಿ ಮೊಬೈಲು, ಹಿಂದೆ ಬ್ಯಾನರು. ಅಂಗಡಿಯವ ತನ್ನದೇ ಫೋನನ್ನು ಅಧಿಕಾರಿಗಳ ಕೈಯಿಂದ ಪ್ರಶಸ್ತಿಯಂತೆ ಸ್ವೀಕರಿಸಿ, ಕ್ಯಾಮೆರಾ ಕಡೆ ನೋಡಿ ನಕ್ಕ. ಮರುದಿನ ಪೇಪರಿನಲ್ಲಿ ಬಂತು. ಮಗಳನ್ನು ನೋಡಿಹೋದ ಬೀಗರೂ ನೋಡಿದರು.

ಆ ಫೋನು ಕೈಗೆ ಬಂದದ್ದು ಬಾಂಡಿನ ಮೇಲೆ. ಕೋರ್ಟು ಕೇಳಿದಾಗ ಹಾಜರುಪಡಿಸಬೇಕು, ಮಾರುವಂತಿಲ್ಲ. ವಿಚಾರಣೆ ನಾಲ್ಕು ವರ್ಷ ನಡೆಯುತ್ತದೆ. ಮೊಬೈಲಿನ ಮಾದರಿ ಒಂದೇ ವರ್ಷಕ್ಕೆ ಹಳತಾಗುತ್ತದೆ. ಈ ನಡುವೆ ವಿಮಾ ಕಂಪನಿ ದುಡ್ಡು ಕೊಟ್ಟಿದ್ದರೆ, ಸಿಕ್ಕ ಮಾಲಿನಲ್ಲಿ ಅವರಿಗೂ ಪಾಲಿದೆಯೆಂದು ಒಂದು ಪತ್ರ ಬರುತ್ತದೆ.

ಇದಕ್ಕೆ ಮದ್ದು ಕಾನೂನಿನಲ್ಲೇ ಇದೆ ಎಂಬುದು ಈ ಪ್ರಹಸನದ ಅತ್ಯಂತ ಹಾಸ್ಯದ ಭಾಗ. ಜಪ್ತಿಯಾದ ವಸ್ತುಗಳನ್ನು ಠಾಣೆಯಲ್ಲಿ ಹದಿನೈದು ದಿನ, ತೀರಾ ಎಂದರೆ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದು 2002ರಲ್ಲಿ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಸ್ವತ್ತು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರ ಬರೆಯಬೇಕು, ಫೋಟೊ ಅಥವಾ ವಿಡಿಯೊ ತೆಗೆಸಬೇಕು, ಅದಾದ 30 ದಿನದೊಳಗೆ ವಿಲೇವಾರಿಯ ಆದೇಶ ಮಾಡಬೇಕು. ಆ ಫೋಟೊವೇ ವಿಚಾರಣೆಯಲ್ಲಿ ಸಾಕ್ಷ್ಯವಾಗುತ್ತದೆ. ಫೋಟೊ ಸಾಕ್ಷಿ ಹೇಳುತ್ತದೆಂದ ಮೇಲೆ ಫೋನನ್ನು ನಾಲ್ಕು ವರ್ಷ ಕಪಾಟಿನಲ್ಲಿ ಕೂಡಿಹಾಕುವುದು ಯಾರ ಉಪಯೋಗಕ್ಕೆ? ಪರೇಡಿಗೆ ತೆಗೆದ ಫೋಟೊಗಳನ್ನೇ ಕೋರ್ಟಿಗೆ ಕೊಟ್ಟರೂ ಸಾಲುತ್ತಿತ್ತು, ಅಷ್ಟು ಚೆನ್ನಾಗಿ ಬಂದಿರುತ್ತವೆ.

ಸರ್ಕಾರದಿಂದ ಕೇಳಬೇಕಾದದ್ದು ಮೂರೇ. ಎಫ್‌ಐಆರೂ ಸಿ ರಿಪೋರ್ಟೂ ಇರುವ ಸಣ್ಣ ವ್ಯಾಪಾರಿಯಿಂದ ಕಳುವಾದ ಮಾಲಿನ ತೆರಿಗೆ ಜಮೆಯನ್ನು ಕಿತ್ತುಕೊಳ್ಳುವುದನ್ನು ಜಿಎಸ್‌ಟಿ ಮಂಡಳಿ ನಿಲ್ಲಿಸಲಿ. ಮಾರಾಟದ ಸರಕು ಸಿಕ್ಕಾಗ ಫೋಟೊ ಇಟ್ಟುಕೊಂಡು ಮಾರಲು ಅನುಮತಿಯೊಂದಿಗೇ ಹಿಂದಿರುಗಿಸುವ ರೂಢಿ ಬರಲಿ. ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಳ್ಳುವ ಪ್ರತಿ ಪಾಲಿಸಿಯ ಮೊದಲ ಪುಟದಲ್ಲಿ ‘ಇದರಲ್ಲಿ ಕಳ್ಳತನಕ್ಕೆ ಪರಿಹಾರ ಇದೆ’ ಅಥವಾ ‘ಇಲ್ಲ’ ಎಂಬ ಒಂದು ಸಾಲು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಕೆ ಇರಲಿ. ಇವು ಆಗುವವರೆಗೆ ಕಾಯುತ್ತ ಕೂರುವಷ್ಟು ಗಟ್ಟಿ ಬೀಗ ಯಾರ ಅಂಗಡಿಗೂ ಇಲ್ಲ.

ಆದ್ದರಿಂದ ಅಂಗಡಿಯವರಿಗೆ ಒಂದು ಮಾತು. ಡಿವಿಆರನ್ನು ಗಲ್ಲೆಯ ಕೆಳಗಿಂದ ತೆಗೆದು ಮೇಲಿನ ಅಟ್ಟಕ್ಕೋ ಮನೆಗೋ ಸಾಗಿಸಿ. ಖರೀದಿ ಬಿಲ್ಲುಗಳ ಫೋಟೊ ಮನೆಯವರ ಫೋನಿನಲ್ಲೂ ಇರಲಿ. ಪ್ರತಿ ಹ್ಯಾಂಡ್‌ಸೆಟ್ಟಿನ 15 ಅಂಕಿಯ ಐಎಂಇಐ ಬರೆದಿಡಿ. ಎಫ್‌ಐಆರ್ ಆದ ಕೂಡಲೇ ಸಿಇಐಆರ್ ತಾಣದಲ್ಲಿ ಅವನ್ನು ಬಂದ್ ಮಾಡಿಸಿದರೆ ಕಳ್ಳನ ಕೈಯಲ್ಲಿ ಉಳಿಯುವುದು ಗಾಜಿನ ಚೂರು. ಗಾಬರಿಯಲ್ಲಿ ಬಾಯಿಗೆ ಬಂದ ಮೊತ್ತ ಹೇಳಬೇಡಿ. ‘ವಿವರವಾದ ಪಟ್ಟಿ ನಂತರ ಹಾಜರುಪಡಿಸುತ್ತೇನೆ’ ಎಂದು ದೂರಿನಲ್ಲೇ ಬರೆಸಿ, ಏಕೆಂದರೆ ಸರ್ವೇಯರರು ಆ ಮೊದಲ ಅಂಕಿಯನ್ನೇ ವೇದವೆಂದು ಹಿಡಿಯುತ್ತಾರೆ. ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ಕಂಪನಿ ಕ್ಲೇಮು ತಳ್ಳಿಹಾಕಿದರೆ, ಅಥವಾ ದೂರು ಕೊಟ್ಟು ತಿಂಗಳಾದರೂ ಉತ್ತರಿಸದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಿ. ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗೆ ಅಲ್ಲಿ ತೀರ್ಪು ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ಆ ಮೂರು ಲೆಕ್ಕಗಳನ್ನು ಒಂದು ಮಾಡಿ. ಬ್ಯಾಂಕಿಗೆ ಉಬ್ಬಿಸಿ, ತೆರಿಗೆಗೆ ಕುಗ್ಗಿಸಿ, ವಿಮೆಗೆ ಅರ್ಧ ಮಾಡಿ ಇಟ್ಟ ಅಂಗಡಿಯನ್ನು ಕಳ್ಳ ಬರುವ ಮೊದಲೇ ನಾವು ಅರ್ಧ ಕಳೆದುಕೊಂಡಿರುತ್ತೇವೆ. ತಿಂಗಳಿಗೊಮ್ಮೆ ಶಟರ್ ಇಳಿಸಿ, ದೀಪ ಹಚ್ಚಿ, ಕಳ್ಳನಷ್ಟೇ ಶ್ರದ್ಧೆಯಿಂದ ನಿಮ್ಮ ಮಾಲನ್ನು ನೀವೇ ಒಂದೊಂದಾಗಿ ಎಣಿಸಿ ಬರೆದಿಡಿ.